ಒಂದೇ ದಾರದ ಮಿಷನ್ನು

ನನಗೆ ಕಬ್ಬಿಣದ ಮಂಡಿ ಹಾಕಿ ಎರಡು ತಿಂಗಳಾಗಿತ್ತು. ಮೈಸೂರಿನ ಡಾಕ್ಟರು ಮೂರು ಮಾತು ಹೇಳಿ ಕಳಿಸಿದ್ದರು. ನೆಲದ ಮೇಲೆ ಕೂರಬೇಡಿ, ಕೋಲಿಲ್ಲದೆ ನಡೆಯಬೇಡಿ, ಆರು ತಿಂಗಳು ಹೊಲಿಗೆ ಮಿಷನ್ನು ತುಳಿಯಬೇಡಿ. ಮೊದಲ ಎರಡಕ್ಕೆ ನಾನೇ ಒಪ್ಪಿಕೊಂಡೆ, ನೋವು ಒಪ್ಪಿಸಿತು. ಮೂರನೆಯದಕ್ಕೆ ನಾನು ಒಪ್ಪುವವಳಲ್ಲ ಎಂದು ನನ್ನ ಮಗಳಿಗೆ ಗೊತ್ತಿತ್ತು. ಅವಳು ಮಿಷನ್ನಿನ ಬೆಲ್ಟನ್ನೇ ಬಿಚ್ಚಿ, ಸುರುಳಿ ಸುತ್ತಿ, ತನ್ನ ಬ್ಯಾಗಿನಲ್ಲಿ ಹಾಕಿಕೊಂಡಳು. ಅವಳು ಅಂಗನವಾಡಿ ಟೀಚರು. ದಿನಾ ಬೆಳಿಗ್ಗೆ ಊಟದ ಡಬ್ಬಿ, ನೀರಿನ ಬಾಟಲಿ, ಹಾಜರಿ ಪುಸ್ತಕ, ಜೊತೆಗೆ ನನ್ನ ಬೆಲ್ಟು ಹೊತ್ತುಕೊಂಡು ಹೋಗುತ್ತಿದ್ದಳು. ಬೆಲ್ಟಿಲ್ಲದ ಮಿಷನ್ನು ಏನಕ್ಕೂ ಬಾರದು. ತುಳಿದರೆ ಕೆಳಗಿನ ಚಕ್ರ ತಿರುಗುತ್ತದೆ, ಮೇಲಿನದು ಸುಮ್ಮನೆ ನೋಡುತ್ತಾ ಕೂತಿರುತ್ತದೆ.

ನಾನು ಹನೂರಿನಲ್ಲಿ ಐವತ್ತು ವರ್ಷದ ಹತ್ತಿರ ರವಿಕೆ ಹೊಲಿದವಳು. ಓದಿದ್ದು ಮೂರನೇ ಕ್ಲಾಸು. ಅಂಕಿ ಬರೆಯಲು ಬರುತ್ತದೆ, ಅಳತೆಗೆ ಅಷ್ಟು ಸಾಕು. ಅಜ್ಜೀಪುರದಿಂದ, ಒಡೆಯರಪಾಳ್ಯದ ಕಡೆಯಿಂದ ಹೆಂಗಸರು ಬಸ್ಸಿಳಿದು ಬಟ್ಟೆ ಕೊಟ್ಟು ಹೋಗುತ್ತಿದ್ದರು. ಮಂಡಿ ಇಷ್ಟು ಸವೆದದ್ದು ಹೇಗೆ ಎಂದು ಡಾಕ್ಟರು ಕೇಳಿದಾಗ, ಹನೂರಿನ ಹೆಂಗಸರ ಬೆನ್ನು ನೋಡಿ, ಗೊತ್ತಾಗುತ್ತದೆ ಅಂದೆ. ಅವರಿಗೆ ಗೊತ್ತಾಗಲಿಲ್ಲ. ಕೆಲಸ ನಿಂತದ್ದಕ್ಕೆ ನನಗೇನೂ ಬೇಜಾರಾಗಲಿಲ್ಲ, ಸಾಕಾಗಿತ್ತು. ಗಿರಾಕಿಗಳನ್ನೆಲ್ಲ ಎದುರು ಬೀದಿಯಲ್ಲಿ ಹೊಲಿಯುವ ಹುಡುಗಿಗೆ ದಾಟಿಸಿಬಿಟ್ಟೆ. ಒಂದು ರವಿಕೆಯನ್ನು ಮಾತ್ರ ದಾಟಿಸುವಂತಿರಲಿಲ್ಲ.

ಅದು ನನ್ನ ನಾದಿನಿಯದು, ಎಂದರೆ ನನ್ನ ಗಂಡನ ತಂಗಿಯದು. ಅವಳನ್ನು ಯಳಂದೂರಿನ ಹತ್ತಿರದ ಹಳ್ಳಿಗೆ ಕೊಟ್ಟಿದೆ. ಎಪ್ಪತ್ತು ದಾಟಿದ್ದಾಳೆ. ಯಜಮಾನರು ಇದ್ದಾರೆ, ಕಿವಿ ಕೇಳುವುದಿಲ್ಲ, ಉಳಿದದ್ದೆಲ್ಲ ಗಟ್ಟಿ. ಇಬ್ಬರು ಸೊಸೆಯರಿದ್ದಾರೆ. ಗೌರಿ ಹಬ್ಬಕ್ಕೆ ಅವಳಿಗೆ ತವರಿನಿಂದ ಬಾಗಿನ ಹೋಗಬೇಕು. ಅಪ್ಪ ಅವ್ವ ಹೋದ ಮೇಲೆ ಅವಳ ಅಣ್ಣ ಕೊಡುತ್ತಿದ್ದ. ಅವನೂ ಹೋದ ಮೇಲೆ ತವರು ಅಂತ ಉಳಿದದ್ದು ನಾನೊಬ್ಬಳು. ಮುಂಡೆಯ ಕೈಯಿಂದ ಬಾಗಿನ ಕೊಡಬಾರದು, ಅದಕ್ಕೆ ಮಗಳು ಹೋಗಿ ಕೊಟ್ಟು ಬರುತ್ತಾಳೆ. ಬಾಗಿನದೊಳಗಿನ ರವಿಕೆ ಹೊಲಿಯುವುದು ಮಾತ್ರ ಅದೇ ಮುಂಡೆಯ ಕೈ. ಇದನ್ನು ಇದುವರೆಗೆ ಯಾರೂ ಎತ್ತಿ ಆಡಿಲ್ಲ. ನಾನೂ ಆಡಿಲ್ಲ. ಆಡಿದರೆ ಯಾರಾದರೂ ಅದಕ್ಕೂ ಒಂದು ಶಾಸ್ತ್ರ ಹುಡುಕಿಕೊಂಡು ಬರುತ್ತಾರೆ.

ಬೇರೆಯವರ ತವರಿನಿಂದ ರವಿಕೆ ಕಣ ಬರುತ್ತದೆ. ಕಣವೆಂದರೆ ಹೊಲಿಯದ ತುಂಡು ಬಟ್ಟೆ. ಅದನ್ನು ಯಾರೂ ಹೊಲಿಸುವುದಿಲ್ಲ. ಇವರು ಕೊಟ್ಟದ್ದನ್ನು ಅವರಿಗೆ, ಅವರು ಕೊಟ್ಟದ್ದನ್ನು ಇನ್ನೊಬ್ಬರಿಗೆ, ಹೀಗೆ ಮಡಿಕೆ ಬಿಚ್ಚದೆ ಊರು ಸುತ್ತುತ್ತದೆ. ನಾನು ಕೊಟ್ಟ ಕಣವೇ ಮೂರು ವರ್ಷ ಕಳೆದು ನನ್ನ ಮಡಿಲಿಗೆ ಬಂದದ್ದಿದೆ. ನನ್ನ ನಾದಿನಿಗೆ ಮಾತ್ರ ಹೊಲಿದ ರವಿಕೆ. ಅವಳ ಮದುವೆಯಾದ ವರ್ಷ ನಾನು ಹೊಸದಾಗಿ ಮಿಷನ್ನು ಕಲಿತಿದ್ದೆ, ಜಂಬಕ್ಕೆ ಒಂದು ಹೊಲಿದು ಕಳಿಸಿದೆ, ಅದೇ ಪದ್ಧತಿಯಾಗಿ ಕೂತಿತು. ಜಂಬಪಟ್ಟದ್ದು ಒಂದು ವರ್ಷ, ಹೊಲಿದದ್ದು ಐವತ್ತು ವರ್ಷ.

ಆ ರವಿಕೆ ಬಂದ ದಿನ ಅವಳು ಅದನ್ನು ಸೊಸೆಯರ ಮುಂದೆ ಬಿಡಿಸಿ ತೋರಿಸುತ್ತಾಳೆ. ಸೊಸೆಯರಿಬ್ಬರಿಗೂ ತವರು ಗಟ್ಟಿಯಾಗಿದೆ. ಹಬ್ಬ ಬಂದರೆ ಅಣ್ಣತಮ್ಮಂದಿರು ಕಾರಿನಲ್ಲಿ ಬಂದು ಇಳಿಯುತ್ತಾರೆ. ಇವಳಿಗೆ ಇರುವುದು ವರ್ಷಕ್ಕೊಂದು ರವಿಕೆ. ಅದು ಬಂದರೆ ತವರಿದೆ, ಬರದಿದ್ದರೆ ಇಲ್ಲ. ಅವಳ ಲೆಕ್ಕ ಅಷ್ಟು ಸಲೀಸು.

ಹೋದ ಗೌರಿ ಹಬ್ಬಕ್ಕೆ ಇನ್ನೂ ಒಂದು ತಿಂಗಳಿರುವಾಗಲೇ ಫೋನು ಮಾಡಿದಳು. ಮಂಡಿ ಹೇಗಿದೆ ಎಂದು ಕೇಳಿ, ನಾನು ಹೇಳಲು ಬಾಯಿ ತೆರೆಯುವುದರೊಳಗೆ ವಿಷಯಕ್ಕೆ ಬಂದಳು.

“ಅತ್ತಿಗೆ, ಈ ಸಲ ಏನ್ ಮಾಡ್ತೀಯೆ? ಆಗಲ್ಲ ಅಂದ್ರ ಈಗ್ಲೇ ಏಳ್ಬುಡು. ನಂಗೇನು ಬೇಜಾರಿಲ್ಲ.”

ಬೇಜಾರಿಲ್ಲ ಎಂದು ಅವಳು ಹೇಳಿದ ರೀತಿಗೆ ಕಿವುಡ ಯಜಮಾನರಿಗೂ ಬೇಜಾರು ಕೇಳಿಸಿರಬೇಕು. “ಬತ್ತದ ಸುಮ್ಕಿರೆ” ಅಂದೆ. ಅಂದ ಮೇಲೆ ಹೊಲಿಯಬೇಕಲ್ಲ.

ಕೈಸೂಜಿ ಹಿಡಿದು ನೋಡಿದೆ. ಹೆಬ್ಬೆರಳು ನಡುಗುತ್ತದೆ, ಒಂದು ಹೊಲಿಗೆ ಹತ್ತಿದರೆ ಇನ್ನೊಂದು ಇಳಿಯುತ್ತದೆ. ಕೈಹೊಲಿಗೆ ಹಾಕಿ ಕಳಿಸಿದರೆ ತೇಪೆ ಹಾಕಿ ಕಳಿಸಿದಂತೆ ಕಾಣುತ್ತದೆ. ಎದುರು ಬೀದಿಯ ಹುಡುಗಿಗೆ ಕೊಡೋಣವೆಂದರೆ ಅದು ತವರಿನ ರವಿಕೆಯಾಗುವುದಿಲ್ಲ. ಬೆಲ್ಟು ಕೊಡು ಎಂದು ಮಗಳನ್ನು ಕೇಳಿದೆ. ಅವಳು ಅಂಗನವಾಡಿಯ ಮಕ್ಕಳಿಗೆ ಹೇಳುವಂತೆಯೇ ನನಗೂ ಆಗಲ್ಲ ಅಂದಳು. ನಗುತ್ತಾ ಹೇಳುತ್ತಾಳೆ, ಅದಕ್ಕೆ ಎದುರು ಆಡುವುದಕ್ಕೆ ದಾರಿಯಿಲ್ಲ.

ಆಗ ಮಂಚದ ಕೆಳಗಿನ ಟ್ರಂಕಿನಲ್ಲಿದ್ದ ಪುಟ್ಟ ಮಿಷನ್ನಿನ ನೆನಪಾಯಿತು.

ಅದು ಮಕ್ಕಳ ಆಟದ ಸಾಮಾನು. ಎತ್ತರ ಒಂದು ಗೇಣು. ಮೈ ಕಬ್ಬಿಣ, ಬಣ್ಣ ನೀಲಿ, ಪಕ್ಕದಲ್ಲಿ ಬಂಗಾರದ ಬಣ್ಣದ ಹೂವಿತ್ತು, ಈಗ ತೊಟ್ಟು ಮಾತ್ರ ಉಳಿದಿದೆ. ತುಳಿಯುವುದಕ್ಕೇನೂ ಇಲ್ಲ, ಬಲಗಡೆ ಒಂದು ಹಿಡಿಕೆ, ಅದನ್ನು ಕೈಯಲ್ಲಿ ತಿರುಗಿಸಬೇಕು. ಅಲ್ಲಾಡದಂತೆ ಹಲಗೆಗೆ ಬಿಗಿಯಲು ಕೆಳಗೊಂದು ಸ್ಕ್ರೂ ಇದೆ. ಆಟದ್ದಾದರೂ ನಿಜವಾಗಿ ಹೊಲಿಯುತ್ತದೆ.

ಅದು ನನ್ನ ಮನೆಗೆ ಬಂದದ್ದು ಕೊಳ್ಳೇಗಾಲದಿಂದ. ಆಗ ನನಗೆ ಮೂವತ್ತು ಇರಬೇಕು. ಅಲ್ಲಿನ ಒಬ್ಬ ರೇಷ್ಮೆ ಸೀರೆ ವ್ಯಾಪಾರಿಯ ಮನೆಯಲ್ಲಿ ಮದುವೆ. ಮನೆಯ ಹೆಂಗಸರಿಗೆಲ್ಲ ರವಿಕೆ ಹೊಲಿಯಲು ನನ್ನನ್ನು ಹದಿನೈದು ದಿನ ಕರೆಸಿಕೊಂಡಿದ್ದರು. ಅವರ ಮೊಮ್ಮಗಳಿಗೆ ಯಾರೋ ಹೊರದೇಶದಿಂದ ಈ ಮಿಷನ್ನು ತಂದುಕೊಟ್ಟಿದ್ದರು. ಹೊಲಿದದ್ದೆಲ್ಲ ಬಿಚ್ಚಿಹೋಗುತ್ತದೆ ಎಂದು ಆ ಕೂಸು ಅಳುತ್ತಿತ್ತು. ನಾನು ನೋಡಿದೆ. ಮಿಷನ್ನಿನಲ್ಲಿ ತಪ್ಪಿರಲಿಲ್ಲ. ದೊಡ್ಡ ಮಿಷನ್ನಿಗೆ ಎರಡು ದಾರ, ಮೇಲೊಂದು ಕೆಳಗೊಂದು, ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಇದಕ್ಕೆ ಇರುವುದು ಒಂದೇ ದಾರ. ತನ್ನನ್ನು ತಾನೇ ಕುಣಿಕೆಯಲ್ಲಿ ಹಿಡಿದುಕೊಂಡು ಸರಪಳಿಯ ಹಾಗೆ ಹೋಗುತ್ತದೆ. ಹೊಲಿದು ಮುಗಿಸಿದ ಕಡೆಯ ಕುಣಿಕೆಯಲ್ಲಿ ದಾರ ತೂರಿಸಿ ಗಂಟು ಹಾಕಿದರೆ ಗಟ್ಟಿ. ಹಾಕದಿದ್ದರೆ ಆ ತುದಿ ಹಿಡಿದು ಎಳೆದರೆ ಮೊದಲಿನವರೆಗೂ ಬಿಚ್ಚಿಕೊಂಡು ಬರುತ್ತದೆ. ಇದನ್ನು ಆ ಕೂಸಿಗೆ ತೋರಿಸಿಕೊಟ್ಟೆ. ಗಂಟು ಹಾಕುವಷ್ಟು ತಾಳ್ಮೆ ಅದಕ್ಕಿರಲಿಲ್ಲ. ಮದುವೆ ಮುಗಿದು ಹೊರಟಾಗ ಆ ಮನೆಯಾಕೆ ಎಲೆ ಅಡಿಕೆಯ ಜೊತೆಗೆ ಮಿಷನ್ನನ್ನೂ ನನ್ನ ಚೀಲಕ್ಕೆ ಹಾಕಿ, ನಿನ್ನ ಮಗಳು ಆಡಿಕೊಳ್ಳಲಿ ಅಂದರು.

ನನ್ನ ಮಗಳು ಆಡಿಕೊಂಡಳು. ಆಗ ಅವಳಿಗೆ ಐದು ವರ್ಷ. ಬಾಳೆ ಎಲೆ ಹೊಲಿದಳು, ಪೇಪರು ಹೊಲಿದಳು, ಒಣಗಲು ಹಾಕಿದ್ದ ಅವಳಪ್ಪನ ಪಂಚೆಯನ್ನು ಹಗ್ಗಕ್ಕೆ ಸೇರಿಸಿ ಹೊಲಿಯಲು ನೋಡಿದಳು. ಕೊನೆಗೆ ರೇಷನ್ ಕಾರ್ಡಿಗೆ ಸುತ್ತಲೂ ಅಂಚು ಹೊಲಿದಳು. ಎಳೆದೆವು, ದಾರ ಬಂತು, ತೂತು ಉಳಿದವು. ಮುಂದಿನ ಕಾರ್ಡು ಕೊಡುವವರೆಗೆ ನಮ್ಮ ಸಕ್ಕರೆ, ಸೀಮೆಎಣ್ಣೆ ಎಲ್ಲ ತೂತಿನ ಕಾರ್ಡಿನಲ್ಲೇ ಬಂತು. ಅಂಗಡಿಯವನು ಪ್ರತಿ ತಿಂಗಳೂ ಅದನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಗಂಡನನ್ನು ಹಂಗಿಸುತ್ತಿದ್ದ. ಆಮೇಲೆ ಅವಳು ಸ್ಕೂಲಿಗೆ ಸೇರಿದಳು, ಮಿಷನ್ನು ಟ್ರಂಕಿಗೆ ಸೇರಿತು. ದೊಡ್ಡ ಮಿಷನ್ನು ಕಲಿ ಎಂದರೆ ಅವಳು ಕಲಿಯಲಿಲ್ಲ. ಓದಿದಳು. ಅದೂ ಸರಿ.

ಮಗಳು ಕೆಲಸಕ್ಕೆ ಹೊರಟ ಮೇಲೆ ಕೋಲಿನಿಂದ ಟ್ರಂಕನ್ನು ಮಂಚದ ಕೆಳಗಿನಿಂದ ಎಳೆದೆ. ಮಿಷನ್ನು ತುಕ್ಕು ಹಿಡಿದಿರಲಿಲ್ಲ, ಒಣಗಿತ್ತು ಅಷ್ಟೆ. ಎಣ್ಣೆ ಬಿಟ್ಟು ಒಂದು ದಿನ ಇಟ್ಟೆ. ಸೂಜಿ ಮೊದಲಿನದೇ, ಕಲ್ಲಿಗೆ ಉಜ್ಜಿ ಚೂಪು ಮಾಡಿದೆ. ಬಿಗಿಯಲು ಒಳ್ಳೆಯ ಹಲಗೆ ಬೇಕಲ್ಲ, ದೊಡ್ಡ ಮಿಷನ್ನಿನ ಹಲಗೆಗೇ ಬಿಗಿದೆ. ಆನೆಯ ಬೆನ್ನ ಮೇಲೆ ಇಲಿ ಕೂತಂತೆ ಕಾಣುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತು, ಕಬ್ಬಿಣದ ಕಾಲನ್ನು ಮುಂದೆ ಚಾಚಿ, ತಿರುಗಿಸಿದೆ. ಕಟಕಟ ಅಂತು. ಹೊಲಿಗೆ ಬಿತ್ತು.

ಕಷ್ಟ ಇದ್ದದ್ದು ಕೈಯಲ್ಲಿ. ತುಳಿಯುವ ಮಿಷನ್ನಿನಲ್ಲಿ ಎರಡು ಕೈಯೂ ಬಟ್ಟೆಯ ಮೇಲಿರುತ್ತವೆ. ಇದರಲ್ಲಿ ಬಲಗೈ ಹಿಡಿಕೆಗೆ ಹೋಗುತ್ತದೆ, ಎಡಗೈ ಒಂದೇ ಬಟ್ಟೆ ನಡೆಸಬೇಕು. ನೇರ ಸಾಲು ಹೇಗೋ ಬರುತ್ತದೆ. ತೋಳು ಕೂರಿಸುವ ಕಡೆ ಬಟ್ಟೆ ಬಾಗುತ್ತದೆ, ಅಲ್ಲಿ ಒಂದು ಕೈಯಲ್ಲಿ ನಡೆಸುವುದು ಒಂದು ಕೈಯಲ್ಲಿ ಎಮ್ಮೆ ಹಿಡಿದಂತೆ. ಹತ್ತು ಗಂಟೆಗೆ ಮಗಳು ಹೊರಟರೆ ಬರುವುದು ನಾಲ್ಕಕ್ಕೆ. ಅಷ್ಟರಲ್ಲಿ ದಿನಕ್ಕೊಂದು ಸಾಲು. ಬಟ್ಟೆ ಹಸಿರು, ದಾರವೂ ಹಸಿರು. ಮೊದಲಾಗಿದ್ದರೆ ಎಲ್ಲ ಕಡೆಯೂ ಎರಡು ಸಾಲು ಹಾಕುತ್ತಿದ್ದೆ, ಈ ಸಲ ಒಂದಕ್ಕೇ ಕೈ ಸೋತಿತು. ಪ್ರತಿ ಸಾಲಿನ ಕೊನೆಗೂ ಮರೆಯದೆ ಗಂಟು ಹಾಕಿದೆ.

ಒಂದನ್ನು ಬಿಟ್ಟು. ಬಲಗಡೆಯ ತೋಳಿನ ಕೊನೆಯ ಎರಡು ಅಂಗುಲದಲ್ಲಿದ್ದೆ. ಆವತ್ತು ಅಂಗನವಾಡಿಯ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಮಕ್ಕಳನ್ನು ಮನೆಗೆ ಕಳಿಸಿ ಮಗಳು ಮಧ್ಯಾಹ್ನಕ್ಕೇ ಬಂದುಬಿಟ್ಟಳು. ಗೇಟಿನ ಶಬ್ದ ಕೇಳಿ ಎರಡು ಸುತ್ತು ತಿರುಗಿಸಿ ಸಾಲು ಮುಗಿಸಿದೆ, ದಾರ ಕತ್ತರಿಸಿ ರವಿಕೆಯನ್ನು ದಿಂಬಿನ ಕೆಳಗೆ ತುರುಕಿದೆ. ಸ್ಕ್ರೂ ಬಿಚ್ಚುವಷ್ಟು ಹೊತ್ತಿರಲಿಲ್ಲ. ಮಿಷನ್ನಿನ ಮೇಲೆ ದುಪ್ಪಟಿ ಎಸೆದು ಮಲಗಿದೆ. ಮಗಳು ಬಂದು, ದುಪ್ಪಟಿ ಅಲ್ಲಿ ಯಾಕಿದೆ ಎಂದು ಕೇಳಿದಳು. ಧೂಳು ಬೀಳುತ್ತದೆ ಅಂದೆ. ಹೊದಿಯುವುದನ್ನು ಮಿಷನ್ನಿಗೆ ಹೊದಿಸಿ ನೀನು ಹಾಗೇ ಮಲಗಿದ್ದೀಯಲ್ಲ ಅಂದಳು. ಸೆಕೆ ಅಂದೆ.

ಮಾರನೇ ದಿನ ಹುಕ್ಕು ಹೊಲಿದೆ, ಇಸ್ತ್ರಿ ಮಾಡಿದೆ, ಮಡಿಸಿದೆ. ಆ ಗಂಟು ನೆನಪಾಗಲಿಲ್ಲ. ವಯಸ್ಸಾಯಿತು ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ವಯಸ್ಸಲ್ಲ, ಕದ್ದು ಮಾಡುವ ಕೆಲಸದ ಅವಸರ. ರವಿಕೆ ನೋಡಿದ ಮಗಳು ಯಾರು ಹೊಲಿದದ್ದು ಎಂದು ಕೇಳಿದಳು. ಎದುರು ಬೀದಿಯ ಹುಡುಗಿ ಎಂದು ಹೇಳಿಬಿಟ್ಟೆ, ಅತ್ತೆಗೆ ಹೇಳಬೇಡ ಅಂತಲೂ ಹೇಳಿದೆ. ಅವಳು ನಂಬಿದಳು. ಅರಿಸಿನ, ಕುಂಕುಮ, ಬಳೆ, ತೆಂಗಿನಕಾಯಿಯ ಜೊತೆಗೆ ರವಿಕೆಯನ್ನೂ ಮೊರದಲ್ಲಿಟ್ಟು, ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ, ಯಳಂದೂರಿನ ಕಡೆ ಹೋಗಿ ಕೊಟ್ಟು ಬಂದಳು.

ಹಬ್ಬವಾಯಿತು. ಪ್ರತಿ ವರ್ಷ ಹಬ್ಬದ ಸಂಜೆ ನಾದಿನಿಯ ಫೋನು ಬರುತ್ತದೆ. ರವಿಕೆ ಚೆನ್ನಾಗಿದೆ ಎಂದು ಹೇಳುವುದಿಲ್ಲ, ತೋಳು ಬಿಗಿ, ಬೆನ್ನು ಸಡಿಲ, ಹೀಗೆ ಏನಾದರೂ ಒಂದು ಹೇಳುತ್ತಾಳೆ. ನಾನೂ ಒಂದು ಹೇಳುತ್ತೇನೆ. ಈ ವರ್ಷ ಫೋನೇ ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಚೆನ್ನಾಗಿ ಕೂತಿರಬೇಕು, ಅದಕ್ಕೇ ಹೇಳಲು ಏನೂ ಸಿಕ್ಕಿಲ್ಲ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಅವಳೇ ಬಂದಳು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಎಲ್ಲ ಕಡೆ ತಿರುಗಿದ್ದಾಳೆ, ನನ್ನ ಮನೆಗೆ ಬಂದದ್ದು ಇದೇ ಮೊದಲು. ಕೈಯಲ್ಲಿ ಆಧಾರ್ ಕಾರ್ಡು ಇನ್ನೂ ಹಾಗೇ ಇತ್ತು. ಮಗಳು ನೀರು ತಂದರೆ ಮುಟ್ಟಲಿಲ್ಲ. ಸೆರಗಿನಿಂದ ಒಂದು ಪೊಟ್ಟಣ ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು. ಬಿಚ್ಚಿದೆ. ಹಸಿರು ರವಿಕೆ ಒಂದು ಕಡೆ, ಅದರ ಬಲಗಡೆಯ ತೋಳು ಇನ್ನೊಂದು ಕಡೆ.

ಏನಾಯಿತೆಂದು ನಿಂತುಕೊಂಡೇ ಹೇಳಿದಳು. ಹಬ್ಬದ ದಿನ ಸ್ನಾನ ಮಾಡಿ, ತವರಿನ ರವಿಕೆ ತೊಟ್ಟು, ಬಾಗಿಲಿಗೆ ತೋರಣ ಕಟ್ಟಲು ಕೈ ಎತ್ತಿದಳಂತೆ. ಕಂಕುಳ ಹತ್ತಿರ ಒಂದೆಳೆ ದಾರ ಇಣುಕಿದೆ. ಯಜಮಾನರು ಜಗಲಿಯ ಮೇಲೆ ಕೂತಿದ್ದರು. ಅವರ ಮನೆಯಲ್ಲಿ ನಾಲ್ಕು ಹಸುಗಳಿವೆ, ವಾರಕ್ಕೆರಡು ಬೂಸಾ ಚೀಲ ಬರುತ್ತದೆ. ಚೀಲದ ಬಾಯಿಯ ಹೊಲಿಗೆಯೂ ಇದೇ ಸರಪಳಿಯ ಹೊಲಿಗೆ. ಸರಿಯಾದ ತುದಿ ಸಿಕ್ಕಿದರೆ ಕತ್ತರಿ ಬೇಡ, ಒಂದೇ ಎಳೆತಕ್ಕೆ ಸರ್ರೆಂದು ಬಾಯಿ ಬಿಡುತ್ತದೆ. ಸಿಗದಿದ್ದರೆ ಸಂಜೆಯವರೆಗೂ ಕಿತ್ತಾಡಬೇಕು. ನಮ್ಮ ಕಡೆ ಆ ದಾರವನ್ನು ಯಾರೂ ಎಸೆಯುವುದಿಲ್ಲ. ಹೂ ಕಟ್ಟಲು, ಅವರೆ ಬಳ್ಳಿ ಕಟ್ಟಲು ಬೇಕಾಗುತ್ತದೆ ಎಂದು ಉಂಡೆ ಸುತ್ತಿ ಸೂರಿಗೆ ಸಿಕ್ಕಿಸುತ್ತಾರೆ. ಆ ಮನೆಯಲ್ಲಿ ಆ ಉಂಡೆ ತೆಂಗಿನಕಾಯಿಯಷ್ಟಾಗಿದೆ, ಎಲ್ಲವೂ ಯಜಮಾನರೇ ಎಳೆದದ್ದು. ಅವರಿಗೆ ಜೋತು ಬಿದ್ದ ದಾರ ಕಂಡರೆ ಕೈ ಸುಮ್ಮನಿರುವುದಿಲ್ಲ. ಹೆಂಡತಿಯ ಕಂಕುಳಲ್ಲಿ ಕಂಡರೂ ಸುಮ್ಮನಿರಲಿಲ್ಲ. ಎಳೆದರು. ಸರ್ರೆಂದಿತು. ಕೈ ಇಳಿಸಿದರೆ ತೋಳು ಕಳಚಿ ಬಳೆಗಳ ಮೇಲೆ ಬಂದು ಕೂತಿತು. ಅಷ್ಟು ಉದ್ದದ ದಾರ ಒಂದೇ ಸಲಕ್ಕೆ ಬಂದದ್ದು ನೋಡಿ ಯಜಮಾನರು ಸಂತೋಷಪಟ್ಟು, ಬೆರಳಿಗೆ ಸುತ್ತಿಕೊಳ್ಳತೊಡಗಿದರಂತೆ.

ಅರಿಸಿನ ಕುಂಕುಮಕ್ಕೆ ಬಂದಿದ್ದ ಹೆಂಗಸರೆಲ್ಲ ಅಲ್ಲೇ ಇದ್ದರು. ಹಿರಿಯ ಸೊಸೆ ಸೆರಗು ಬಾಯಿಗೆ ಅಡ್ಡ ಹಿಡಿದಳಂತೆ. ಕಿರಿಯವಳು ಅದನ್ನೂ ಹಿಡಿಯಲಿಲ್ಲವಂತೆ.

ನನಗೆ ನಗು ಬಂತು. ನಾದಿನಿಯ ಮುಖ ನೋಡಿ ನುಂಗಿಕೊಂಡೆ.

“ಯಾರ್ ಒಲ್ದದ್ದು ಇದ?” ಎಂದು ಕೇಳಿದಳು.

“ನಾನೆ.”

“ಸುಳ್ಳ ಏಳ್ಬೇಡ ಅತ್ತಿಗೆ. ಬೇರೆ ಯಾರೋ ಒಲ್ದದ್ದು ಅಂತ ನಿನ್ ಮಗಳೇ ನನ್ ಸೊಸೆ ತಾವ ಏಳವ್ಳೆ.”

ನಾನು ಮಗಳ ಮುಖ ನೋಡಿದೆ. ಅತ್ತೆಗೆ ಹೇಳಬೇಡ ಅಂದಿದ್ದೆ ಅವ್ವ, ಅತ್ತೆಗೆ ಹೇಳಲಿಲ್ಲ, ಅಡಿಗೆಮನೆಯಲ್ಲಿ ಹಿರಿಯ ಸೊಸೆ ಕೇಳಿದಳು ಅಂದಳು. ಓದಿದವರಿಗೆ ಸುಳ್ಳು ಹೇಳಿಸಬೇಕಾದರೆ ಒಬ್ಬೊಬ್ಬರ ಹೆಸರು ಹಿಡಿದು ಬಿಡಿಸಿ ಹೇಳಬೇಕು.

ನಾದಿನಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ರವಿಕೆಯನ್ನು ಒಳಮಗ್ಗುಲಿಗೆ ತಿರುಗಿಸಿ ಹಿಡಿದಳು. “ನಿನ್ ಒಲ್ಗೆ ನಂಗೊತ್ತಿಲ್ವಾ? ಮ್ಯಾಗ ಒಂದ್ ಬಣ್ಣ, ಒಳ್ಗ ಒಂದ್ ಬಣ್ಣ ಇದ್ರ ಅದು ನಿಂದು. ಇದು ಎಲ್ಡೂ ಕಡೆ ಅಸ್ರಾಗೇ ಅದ.”

ಅವಳು ಹೇಳಿದ್ದು ನಿಜ. ನಾನು ಮೇಲಿನ ದಾರವನ್ನು ಬಟ್ಟೆಗೆ ಹೊಂದಿಸಿ ಹಾಕುತ್ತೇನೆ. ಕೆಳಗಿನ ಬಾಬಿನ್ನಿಗೆ ಯಾವುದು ಉ‌ಳಿದಿದೆಯೋ ಅದು. ಕೆಂಪು, ಹಳದಿ, ಕಪ್ಪು, ಒಳಗಡೆ ಯಾರು ನೋಡುತ್ತಾರೆ ಎಂದು. ಐವತ್ತು ವರ್ಷದಿಂದ ಇವಳು ಒಳಗಡೆ ನೋಡುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಸರಿಯಾದ ದಾರ ಹಾಕುತ್ತಿದ್ದೆ.

“ಆಗಲ್ಲ ಅಂತ ಏಳಿದ್ರ ಆಯ್ತಿತ್ತು” ಅಂದಳು. “ಅಂಗ್ಡಿ ರವ್ಕ ನಾನೇ ತಕ್ಕತಿದ್ದಿ. ತವ್ರಿಂದು ಅಂತ ಅದ ಎಲ್ಲಾರ್ಗೂ ತೋರುಸ್ಬುಟ್ನಲ್ಲ.”

ಜಗಳ ಆಡುವವಳು, ಈಗ ದನಿ ತಗ್ಗಿಸಿದ್ದಳು. ಅದು ನನಗೆ ಸರಿಬರಲಿಲ್ಲ. ದುಪ್ಪಟಿ ತೆಗಿ ಎಂದು ಮಗಳಿಗೆ ಹೇಳಿದೆ. ಧೂಳಿನ ನೆಪ ಹೇಳಿದ ದಿನದಿಂದ ಅದು ಅಲ್ಲೇ ಹೊದಿಸಿದಂತೆ ಇತ್ತು. ಮಗಳು ತೆಗೆದಳು. ಪುಟ್ಟ ಮಿಷನ್ನು ಕಂಡಿತು. ಬೆಲ್ಟಿನ ವಿಷಯಕ್ಕೆ ಬೈಯುತ್ತಾಳೆ ಅಂದುಕೊಂಡೆ.

“ಅವ್ವ, ಇದು ನಂದಲ್ವಾ? ನನ್ನ ಕೇಳ್ದೆ ಯಾಕೆ ತಗೊಂಡೆ?”

ನಲವತ್ತೈದು ವರ್ಷದವಳು ಆಡುವ ಮಾತು. ಚಿಂದಿಯ ಎರಡು ತುಂಡು ಜೋಡಿಸಿ ಸೂಜಿಯ ಕೆಳಗಿಟ್ಟು ಒಂದು ಗೇಣು ಹೊಲಿದೆ. ಗಂಟು ಹಾಕದೆ ನಾದಿನಿಯ ಕೈಗೆ ಕೊಟ್ಟೆ. ಎರಡೂ ಕಡೆ ತಿರುಗಿಸಿ ನೋಡು, ಒಂದೇ ದಾರ, ಅದಕ್ಕೇ ಒಂದೇ ಬಣ್ಣ ಅಂದೆ. ಈಗ ಆ ತುದಿ ಹಿಡಿದು ಎಳಿ ಅಂದೆ. ಎಳೆದಳು. ಸರ್ರೆಂದು ಬಂತು. ಎರಡು ತುಂಡೂ ಎರಡು ಕಡೆಗೆ ಬಿದ್ದವು.

ದಾರ ಹಿಡಿದುಕೊಂಡು ನೋಡಿದಳು. “ಬೂಸಾ ಚೀಲದ್ ಒಲ್ಗೆ ಕನತ್ತಿಗೆ ಇದು.”

“ಊ ಕನೆ.”

“ಅಂಗಾರ ನಮ್ಮೆಜಮಾನ್ರು ಸರಿಯಾಗೇ ಎಳ್ದವ್ರೆ.”

ಆಮೇಲೆ ನಗಲು ಶುರು ಮಾಡಿದಳು. ಕುರ್ಚಿ ಹುಡುಕಿಕೊಂಡು ಕೂತು ನಕ್ಕಳು, ಕಿತ್ತುಬಂದಿದ್ದ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು. ಎರಡು ದಿನದಿಂದ ಯಜಮಾನರಿಗೆ ಅನ್ನ ಬಡಿಸುವಾಗ ತಟ್ಟೆ ಕುಕ್ಕಿ ಇಡುತ್ತಿದ್ದಳಂತೆ. ಅವರಿಗೆ ಅದು ಕೇಳಿಸದೆ ಇನ್ನಷ್ಟು ಸಿಟ್ಟು ಬಂದಿತ್ತಂತೆ. ಮಗಳು ತಂದಿಟ್ಟಿದ್ದ ನೀರನ್ನು ಈಗ ಕುಡಿದಳು.

ಲೋಟ ಕೆಳಗಿಟ್ಟಳು. ನನ್ನ ಕಾಲು ನೋಡಿದಳು. ಕೋಲು ನೋಡಿದಳು.

“ಈ ಸಲ ಇಂಗಾಯ್ತು. ಮುಂದ್ಕ?” ಅಂದಳು. “ನೀನ್ ಓದ್ರ ನಂಗ್ಯಾರು?”

ಬೇರೆಯವರಾಗಿದ್ದರೆ, ಬಿಡ್ತು ಅನ್ನು, ನೂರು ವರ್ಷ ಇರುತ್ತೇನೆ ಎನ್ನುತ್ತಿದ್ದರು. ನಾನು ಹಾಗೆ ಹೇಳಲಿಲ್ಲ. ಇರುತ್ತೇನೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದನ್ನು ಹೇಳಿದೆ.

“ಲೇ, ತವ್ರ್ ಮನೇಲಿ ಉಟ್ಟಿದವ್ಳು ನೀನು. ನಾನ್ ಒರ್ಗಿಂದ ಬಂದವ್ಳು. ತವ್ರಿನ್ ಕೈ ಅಂತ ಒಂದಿದ್ರ ಅದು ನಿಂದೇಯ, ನಂದಲ್ಲ. ಬಾ, ಇಡ್ಕ ಇದ.”

ಹಿಡಿಕೆ ತೋರಿಸಿದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ನನ್ನ ಬಾಗಿನದ ರವಿಕೆಯನ್ನು ನಾನೇ ಹೊಲಿದುಕೊಳ್ಳುವುದುಂಟೆ, ಕೇಳಿದವರು ನಗುವುದಿಲ್ಲವೆ ಅಂದಳು. ಅದಕ್ಕೆ ಮಗಳು, ನೀವು ತಿರುಗಿಸಿ ಅಷ್ಟೆ ಅತ್ತೆ, ಹೊಲಿಯುವುದು ಅವ್ವನೇ ಅಂದಳು. ಅಂಗನವಾಡಿಯಲ್ಲಿ ಊಟ ಬೇಡವೆನ್ನುವ ಮಕ್ಕಳಿಗೆ ಹೇಳುವ ದನಿ. ನಾದಿನಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

ದಾರ ಹಾಕಲು ಹಸಿರು ಉಂಡೆ ತೆಗೆದರೆ ಅದು ಬೇಡವೆಂದಳು, ಕೆಂಪು ಹಾಕು ಅಂದಳು. ಒಂದೇ ದಾರದ ಮಿಷನ್ನು, ಕೆಂಪು ಹಾಕಿದರೆ ಮೇಲೂ ಕಾಣುತ್ತದೆ ಎಂದು ಹೇಳಿದೆ. ಕಾಣಲಿ, ಕಾಣಬೇಕಾದವರಿಗೆ ಕಾಣಲಿ ಅಂದಳು. ಕೆಂಪು ಹಾಕಿದೆ.

ಮೊದಲು ಹಿಂದಕ್ಕೆ ತಿರುಗಿಸಿ ದಾರ ಕಿತ್ತಳು. ಬೈದೆ. ಆಮೇಲೆ ರಾಗಿಕಲ್ಲು ತಿರುಗಿಸುವಂತೆ ಜೋರಾಗಿ ತಿರುಗಿಸಿದಳು, ಬಟ್ಟೆ ಮುದುರಿಕೊಂಡಿತು. ಅದಕ್ಕೂ ಬೈದೆ. ನಾನು ಮೂವತ್ತು ವರ್ಷ ರಾಗಿ ಬೀಸಿದವಳು, ನನಗೆ ತಿರುಗಿಸುವುದು ಹೇಳಿಕೊಡಬೇಡ ಅಂದಳು. ರಾಗಿಯಲ್ಲ, ರವಿಕೆ ಅಂದೆ. ಮೂರನೆಯ ಸಲಕ್ಕೆ ಹದ ಸಿಕ್ಕಿತು. ನನಗೆ ಎರಡು ಕೈಯೂ ಬಟ್ಟೆಗೆ ಸಿಕ್ಕವು. ತೋಳಿನ ಬಾಗು ಬಂದಾಗ ‘ಮೆತ್ತಗೆ’ ಅಂದರೆ ಮೆತ್ತಗೆ, ‘ಊ’ ಅಂದರೆ ಜೋರು. ಹಿಂದಿನ ವಾರ ಒಂದು ದಿನವೆಲ್ಲ ಹಿಡಿದ ಸಾಲು ಈಗ ಒಂದು ಕಾಫಿ ಕಾಯುವಷ್ಟರಲ್ಲಿ ಮುಗಿಯಿತು. ನಾನು ಒಬ್ಬಳೇ ಹೊಲಿದ ಎಡತೋಳಿಗಿಂತ ಇದೇ ನೆಟ್ಟಗೆ ಬಂದಿತ್ತು. ಗಂಟು ಹಾಕಿದೆ. ಅವಳು ನಂಬದೆ ಅದರ ಮೇಲೆ ತಾನೂ ಎರಡು ಹಾಕಿದಳು.

ಊಟ ಮಾಡಿದಳು, ರವಿಕೆ ತೊಟ್ಟುಕೊಂಡಳು. ಹಸಿರು ರವಿಕೆಯ ಬಲತೋಳಿಗೆ ಸುತ್ತಲೂ ಕೆಂಪು ಹೊಲಿಗೆ ಎದ್ದು ಕಾಣುತ್ತಿತ್ತು. ಐವತ್ತು ವರ್ಷ ಒಳ್ಳೆಯ ಹೆಸರು ತೆಗೆದುಕೊಂಡ ನನಗೆ ಅದನ್ನು ನೋಡಲು ನಾಚಿಕೆಯಾಯಿತು. ಅವಳಿಗೆ ಏನೂ ಆಗಲಿಲ್ಲ. ಸೊಸೆಯರಿಗೆ ಏನು ಹೇಳುತ್ತೀರಿ ಎಂದು ಮಗಳು ಕೇಳಿದಳು.

“ತವ್ರಿಗೋಗಿ ಒಲ್ಸ್ಕ ಬಂದಿ ಅಂತೀನಿ. ಅವ್ರು ಯಾವತ್ತಾರ ಓಗವ್ರಾ? ಅವ್ರ ತಾವ್ಕೆ ಕಾರು ಬತ್ತದ ಅಷ್ಟೆಯ.”

ಹೊರಡುವ ಮುಂಚೆ ಮಿಷನ್ನನ್ನು ಊರಿಗೆ ಒಯ್ಯಲೇ ಎಂದು ಕೇಳಿದಳು. ಮಗಳು ಬೇಡವೆಂದಳು, ಅದು ನಂದು ಅಂದಳು. ನಾದಿನಿ ಬಲವಂತ ಮಾಡಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಮಗಳು ಜೊತೆಗೆ ಹೊರಟಳು. ಬಾಗಿಲ ಹತ್ತಿರ ನಾದಿನಿ ತಿರುಗಿ ನಿಂತಳು.

“ಮುಂದಿನ್ ವರ್ಷ ಅಬ್ಬಕ್ಕ ಮೂರ್ ದಿನ ಮುಂಚೆ ಬತ್ತೀನಿ. ಎಣ್ಣ ಬುಟ್ಟು ಮಡ್ಗಿರು.”

“ನಾನ್ ಇದ್ರ.”

“ನೀನ್ ಇಲ್ದಿದ್ರ ಈ ಕೂಸು ಬಟ್ಟ ಇಡೀಲಿ. ತಿರ್ಗ್ಸದು ನಂಗೆ ಬತ್ತದಲ್ಲ.”

ಅಷ್ಟು ಹೇಳಿ, ಕೊಳ್ಳೇಗಾಲದ ಬಸ್ಸು ಸಿಗುವುದಿಲ್ಲವೆಂದು ನನ್ನ ಮಗಳನ್ನು ಬೈಯುತ್ತಾ ಹೋದಳು. ಆವತ್ತಿನಿಂದ ಭಾನುವಾರ ಮಧ್ಯಾಹ್ನ ನಾನು ಹಿಡಿಕೆ ತಿರುಗಿಸುತ್ತೇನೆ, ಮಗಳು ಬಟ್ಟೆ ಹಿಡಿಯುತ್ತಾಳೆ. ಅವಳಿಗೆ ನೇರ ಸಾಲು ಇನ್ನೂ ಬಂದಿಲ್ಲ.